ತಗಡಿನ ಮಡಿಕೆ: ಬಲವೂ ಅಳತೆಯೂ

ಲೋಹವನ್ನು ಕರಗಿಸಿ ಎರಕ ಹೊಯ್ಯುವುದನ್ನು ಕಲಿತುದು ಮಾನವನ ಒಂದು ಸಾಧನೆ. ಅದನ್ನು ತೆಳ್ಳಗೆ ಬಡಿದು ತಗಡಾಗಿಸಿ, ಆ ತಗಡನ್ನು ಬೇಕಾದ ಆಕಾರಕ್ಕೆ ಮಡಿಸಲು ಕಲಿತುದು ಅದಕ್ಕಿಂತ ಕಡಿಮೆಯದಲ್ಲದ ಮತ್ತೊಂದು ಸಾಧನೆ. ನೀರು ತುಂಬುವ ಕೊಡ, ಧಾನ್ಯ ಕೂಡಿಡುವ ಡಬ್ಬಿ, ಎಣ್ಣೆ ಸುರಿಯುವ ಆಲಿಕೆ, ವಿದ್ಯಾರ್ಥಿನಿಲಯಕ್ಕೆ ಬರುವ ಹುಡುಗನ ಟ್ರಂಕು, ಕಚೇರಿಯ ಉಕ್ಕಿನ ಬೀರು, ವಿದ್ಯುತ್ ಮೀಟರಿನ ಪೆಟ್ಟಿಗೆ, ಬಸ್ಸಿನ ಒಡಲು, ವಿಮಾನದ ರೆಕ್ಕೆ ಇವೆಲ್ಲವೂ ಮೂಲತಃ ಚಪ್ಪಟೆಯಾದ ತಗಡುಗಳೇ. ಸಾಮಾನ್ಯವಾಗಿ ಸುಮಾರು 6 ಮಿ.ಮೀ.ಗಿಂತ ತೆಳುವಾದುದನ್ನು ತಗಡೆಂದೂ, ಅದಕ್ಕಿಂತ ದಪ್ಪನಾದುದನ್ನು ಪ್ಲೇಟ್ ಎಂದೂ ಕರೆಯುವುದು ರೂಢಿ. ಪೇಟೆಯಲ್ಲಿ ತಗಡಿನ ದಪ್ಪವನ್ನು ಗೇಜ್ ಎಂಬ ಸಂಖ್ಯೆಯಿಂದಲೂ ಹೇಳುವುದುಂಟು. ಈ ಸಂಖ್ಯೆ ದೊಡ್ಡದಾದಷ್ಟೂ ತಗಡು ತೆಳುವಾಗುತ್ತದೆ. ಬ್ರಿಟಿಷ್ ಗೇಜ್ ಪದ್ಧತಿಯಲ್ಲಿ 18 ಗೇಜಿನ ತಗಡು ಸುಮಾರು 1.2 ಮಿ.ಮೀ., 22 ಗೇಜಿನ ತಗಡು ಸುಮಾರು 0.7 ಮಿ.ಮೀ. ದಪ್ಪವಿರುತ್ತದೆ.

ಇಷ್ಟು ತೆಳುವಾದ ವಸ್ತು ಇಷ್ಟೊಂದು ಭಾರವನ್ನು ಹೇಗೆ ತಾಳುತ್ತದೆ? ಚಪ್ಪಟೆ ತಗಡಿನ ಮೇಲೆ ಬರೆದ ಅಳತೆಗಳು ಮಡಿಸಿದ ಮೇಲೆ ಏಕೆ ಬದಲಾಗುತ್ತವೆ? ಈ ಎರಡು ಪ್ರಶ್ನೆಗಳಿಗೆ ಉತ್ತರವನ್ನು ಅರಿತವನು ತಗಡಿನ ಕೆಲಸದ ಮರ್ಮವನ್ನು ಅರಿತಂತೆ. ತಗಡಿಗೆ ಬಲ ಬರುವುದು ಮಡಿಕೆಯಿಂದ; ಆದರೆ ಪ್ರತಿಯೊಂದು ಮಡಿಕೆಯೂ ಅಳತೆಯಲ್ಲಿ ತನ್ನ ಪಾಲನ್ನು ಕೇಳುತ್ತದೆ. ಆ ಪಾಲನ್ನು ಕತ್ತರಿಸುವ ಮುನ್ನವೇ ಲೆಕ್ಕ ಹಾಕಿದವನ ತಗಡು ಉಪಯುಕ್ತ ವಸ್ತುವಾಗುತ್ತದೆ. ಲೆಕ್ಕ ಹಾಕದವನ ತಗಡು ಗುಜರಿ ಸೇರುತ್ತದೆ.

ಮಡಿಕೆಯಿಂದ ಬರುವ ಬಲ

ಒಂದು ಹಾಳೆ ಕಾಗದವನ್ನು ಎರಡು ಪುಸ್ತಕಗಳ ನಡುವೆ ಸೇತುವೆಯಂತೆ ಇರಿಸಿದರೆ ಅದು ತನ್ನ ಭಾರಕ್ಕೇ ಕುಸಿಯುತ್ತದೆ. ಅದೇ ಹಾಳೆಯನ್ನು ಬೀಸಣಿಗೆಯಂತೆ ಮಡಿಕೆ ಮಡಿಕೆಯಾಗಿ ಮಡಿಸಿ ಇರಿಸಿದರೆ ಒಂದು ಪೆನ್ಸಿಲನ್ನು ಸುಲಭವಾಗಿ ಹೊರುತ್ತದೆ. ಕಾಗದದ ತೂಕ ಹೆಚ್ಚಲಿಲ್ಲ, ದಪ್ಪ ಹೆಚ್ಚಲಿಲ್ಲ. ಹೆಚ್ಚಿದುದು ಅದರ ಎತ್ತರ ಮಾತ್ರ.

ಇದನ್ನೇ ಲೆಕ್ಕದಲ್ಲಿ ನೋಡಬಹುದು. 100 ಮಿ.ಮೀ. ಅಗಲ, 1 ಮಿ.ಮೀ. ದಪ್ಪವಿರುವ ಉದ್ದನೆಯ ಉಕ್ಕಿನ ಪಟ್ಟಿಯೊಂದನ್ನು ತೆಗೆದುಕೊಂಡು, ಅದರ ಎರಡು ಅಂಚುಗಳನ್ನೂ 20 ಮಿ.ಮೀ.ನಷ್ಟು ಮೇಲಕ್ಕೆ ಮಡಿಸಿ ತೊಟ್ಟಿಯ ಆಕಾರ ಕೊಟ್ಟರೆ, ಉದ್ದಕ್ಕೆ ಬಾಗುವುದನ್ನು ತಡೆಯುವ ಅದರ ಬಿಗುಪು ಸುಮಾರು 400 ಪಟ್ಟು ಹೆಚ್ಚುತ್ತದೆ. ಮಡಿಸದೆ ದಪ್ಪವನ್ನೇ ಹೆಚ್ಚಿಸಿ ಈ ಬಿಗುಪನ್ನು ಪಡೆಯಬೇಕಾದರೆ ತಗಡನ್ನು ಏಳು ಪಟ್ಟಿಗಿಂತಲೂ ದಪ್ಪನಾಗಿಸಬೇಕು; ಎಂದರೆ ತೂಕವೂ ಬೆಲೆಯೂ ಏಳು ಪಟ್ಟನ್ನು ಮೀರುತ್ತವೆ. ಬಾಗುವಿಕೆಯನ್ನು ತಡೆಯುವಲ್ಲಿ ಮಧ್ಯದಿಂದ ದೂರವಿರುವ ಲೋಹಕ್ಕೆ ಹೆಚ್ಚಿನ ಮಹತ್ವವಿರುವುದೇ ಇದಕ್ಕೆ ಕಾರಣ. ಮಡಿಕೆಯು ಲೋಹವನ್ನು ಮಧ್ಯದಿಂದ ದೂರಕ್ಕೆ ಒಯ್ದು ನಿಲ್ಲಿಸುತ್ತದೆ.

ಈ ತತ್ತ್ವವನ್ನು ಕೈಗಾರಿಕೆಗೆ ತಂದವರಲ್ಲಿ ಇಂಗ್ಲೆಂಡಿನ ಹೆನ್ರಿ ರಾಬಿನ್ಸನ್ ಪಾಮರ್ ಪ್ರಮುಖನು. ಲಂಡನ್ನಿನ ಹಡಗುಕಟ್ಟೆಗಳಲ್ಲಿ ಎಂಜಿನಿಯರನಾಗಿದ್ದ ಈತನು 1829ರಲ್ಲಿ ಅಲೆಯಲೆಯಾಗಿ ಬಾಗಿಸಿದ ಕಬ್ಬಿಣದ ತಗಡಿಗೆ ಪೇಟೆಂಟ್ ಪಡೆದನು. 1837ರಲ್ಲಿ ಫ್ರಾನ್ಸಿನ ಸೊರೆಲ್ ಎಂಬಾತನು ಕಬ್ಬಿಣಕ್ಕೆ ಸತುವಿನ ಲೇಪ ಕೊಡುವ ವಿಧಾನಕ್ಕೆ ಪೇಟೆಂಟ್ ಪಡೆದ ಮೇಲೆ ತುಕ್ಕಿನ ಭಯವೂ ಬಹುಮಟ್ಟಿಗೆ ಕಡಿಮೆಯಾಯಿತು. ಇಂದು ಹಳ್ಳಿಯ ದನದ ಕೊಟ್ಟಿಗೆಯಿಂದ ಹಿಡಿದು ದೊಡ್ಡ ಗೋದಾಮಿನವರೆಗೆ ಮಾಡಿಗೆ ಹೊದಿಸುವ ಸತುವಿನ ಅಲೆತಗಡು ಈ ಎರಡು ಆವಿಷ್ಕಾರಗಳ ಕೂಡಿಕೆಯಿಂದ ಬಂದುದು. ಮುಂದೆ 1919ರಲ್ಲಿ ಜರ್ಮನಿಯ ಹ್ಯೂಗೋ ಯುಂಕರ್ಸನ ಕಾರ್ಖಾನೆಯು ಅಲೆಯಾಕಾರದ ಡ್ಯೂರಲ್ಯುಮಿನ್ ತಗಡನ್ನೇ ಹೊದಿಕೆಯಾಗಿಸಿ ಎಫ್ 13 ಎಂಬ ಪ್ರಯಾಣಿಕರ ವಿಮಾನವನ್ನು ನಿರ್ಮಿಸಿ ಹಾರಿಸಿತು. ಮನೆಯ ಮಾಡಿಗೆ ಹೊಂದಿದ ಮಡಿಕೆಯ ತತ್ತ್ವವು ಆಕಾಶಯಾನಕ್ಕೂ ಹೊಂದಿತು.

ಕಾರ್ಖಾನೆಯ ಲೆಕ್ಕಾಚಾರ ಬರುವ ಮೊದಲೇ ಊರಿನ ತಗಡಿನ ಕೆಲಸಗಾರನು ಈ ಗುಟ್ಟನ್ನು ಕೈಯ ಅನುಭವದಿಂದ ಅರಿತಿದ್ದನು. ಟ್ರಂಕೊಂದನ್ನು ಗಮನವಿಟ್ಟು ನೋಡಿದರೆ ಇದು ತಿಳಿಯುತ್ತದೆ. ಅದರ ಮುಚ್ಚಳದ ಅಂಚನ್ನು ಸುತ್ತಿ ಒಳಗೆ ತಂತಿಯನ್ನು ಅಡಗಿಸಿರುತ್ತಾರೆ. ಇದರಿಂದ ಅಂಚು ಗಡುಸಾಗುತ್ತದೆ, ಕೈಯನ್ನೂ ಕೊಯ್ಯುವುದಿಲ್ಲ. ಮುಚ್ಚಳದ ಮೇಲೂ ಪಕ್ಕಗಳಲ್ಲೂ ಒತ್ತಿರುವ ಉಬ್ಬುಗೆರೆಗಳು ಅಲಂಕಾರಕ್ಕೆಂದು ತೋರಿದರೂ ಅವುಗಳ ನಿಜವಾದ ಕೆಲಸ ತಗಡು ಬಳುಕದಂತೆ ತಡೆಯುವುದು. ಎರಡು ತಗಡುಗಳ ಅಂಚುಗಳನ್ನು ಕೊಕ್ಕೆಯಂತೆ ಒಂದರೊಳಗೊಂದು ಸಿಕ್ಕಿಸಿ ಬಡಿದರೆ ಬೆಸುಗೆಯಿಲ್ಲದೆಯೇ ಜೋಡಣೆಯಾಗುತ್ತದೆ. ಹೀಗೆ ಅಂಚುಮಡಿಕೆ, ಉಬ್ಬುಗೆರೆ, ಕೊಕ್ಕೆಮಡಿಕೆ ಎಂಬ ಮೂರು ಉಪಾಯಗಳಿಂದ ಅರ್ಧ ಮಿ.ಮೀ. ಆಸುಪಾಸಿನ ತಗಡು ಹುಡುಗನೊಬ್ಬನು ಕುಳಿತರೂ ತಡೆಯುವ ಪೆಟ್ಟಿಗೆಯಾಗುತ್ತದೆ.

ಬಾಗುವಾಗ ಒಳಗೆ ನಡೆಯುವುದೇನು?

ತಗಡನ್ನು ಬಾಗಿಸಿದಾಗ ಅದರ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ಒಂದು ಹಿಗ್ಗಿ ಇನ್ನೊಂದು ಕುಗ್ಗುವುದಾದರೆ ಇವೆರಡರ ನಡುವೆ ಎಲ್ಲಿಯೋ ಹಿಗ್ಗದೆ ಕುಗ್ಗದೆ ಇರುವ ಒಂದು ಪದರ ಇರಲೇಬೇಕು. ಅದನ್ನೇ ತಟಸ್ಥ ಪದರವೆಂದು ಕರೆಯುತ್ತಾರೆ.

ಇಂದು ಸುಲಭವೆಂದು ತೋರುವ ಈ ಸಂಗತಿ ಸ್ಪಷ್ಟವಾಗಲು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಇಟಲಿಯ ಗೆಲಿಲಿಯೋ 1638ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಗೋಡೆಯಿಂದ ಹೊರಚಾಚಿದ ತೊಲೆಯ ಬಲವನ್ನು ವಿವೇಚಿಸಿದನು. ಆದರೆ ತೊಲೆ ತನ್ನ ಕೆಳ ಅಂಚಿನ ಸುತ್ತ ತಿರುಗುತ್ತದೆಂದೂ, ಅದರ ಮೇಲಿನ ಭಾಗವೆಲ್ಲ ಸೆಳೆತಕ್ಕೇ ಒಳಗಾಗುತ್ತದೆಂದೂ ಭಾವಿಸಿದನು. 1678ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ವಸ್ತುವಿನ ಹಿಗ್ಗುವಿಕೆಯು ಅದರ ಮೇಲಿನ ಬಲಕ್ಕೆ ಅನುಪಾತದಲ್ಲಿರುತ್ತದೆಂಬ ನಿಯಮವನ್ನು ವಿವರಿಸಿದನು. ಒಂದು ಬದಿಯ ಸೆಳೆತಕ್ಕೆ ಇನ್ನೊಂದು ಬದಿಯ ಒತ್ತಡವು ಸರಿದೂಗಬೇಕೆಂಬುದನ್ನು ಫ್ರಾನ್ಸಿನ ಪಾರಾಂ 1713ರಲ್ಲಿಯೂ, ಕೂಲಂಬ್ 1773ರಲ್ಲಿಯೂ ಸರಿಯಾಗಿ ನಿರೂಪಿಸಿದರು. ಮಹಾಮತಿಗಳಿಗೂ ಮೊದಲ ನೋಟಕ್ಕೆ ದಕ್ಕದ ವಿಷಯವಿದು ಎಂಬುದನ್ನು ವಿದ್ಯಾರ್ಥಿಗಳು ನೆನಪಿಡುವುದು ಒಳ್ಳೆಯದು.

ತೊಲೆಯು ಬಾಗಿ ಮತ್ತೆ ನೇರವಾಗಬೇಕು. ತಗಡಾದರೋ ಬಾಗಿದ ಮೇಲೆ ಹಾಗೆಯೇ ಉಳಿಯಬೇಕು. ಆದುದರಿಂದ ತಗಡನ್ನು ಅದರ ಸ್ಥಿತಿಸ್ಥಾಪಕತೆಯ ಎಲ್ಲೆಯನ್ನು ದಾಟಿಸಿ ಬಾಗಿಸಬೇಕಾಗುತ್ತದೆ. ಈ ಎಲ್ಲೆಯನ್ನು ದಾಟಿದಾಗ ಲೋಹದೊಳಗಿನ ಸ್ಫಟಿಕಗಳ ಪದರಗಳು ಒಂದರ ಮೇಲೊಂದು ಜಾರಿ ಹೊಸ ಸ್ಥಾನಗಳಲ್ಲಿ ನೆಲೆಗೊಳ್ಳುತ್ತವೆ. ಹಾಗೆ ಜಾರುವಾಗ ಮಡಿಕೆಯ ಜಾಗದಲ್ಲಿ ತಗಡು ಕೊಂಚ ತೆಳುವಾಗುತ್ತದೆ. ತಟಸ್ಥ ಪದರವು ನಟ್ಟನಡುವೆ ನಿಲ್ಲದೆ ಒಳಮೈಯ ಕಡೆಗೆ ಸರಿಯುತ್ತದೆ. ಒಳಮೈಯಿಂದ ಅಳೆದರೆ ಅದು ಸಾಮಾನ್ಯವಾಗಿ ದಪ್ಪದ 0.33ರಿಂದ 0.5 ಭಾಗದಷ್ಟು ದೂರದಲ್ಲಿರುತ್ತದೆ. ಈ ಭಿನ್ನರಾಶಿಯನ್ನು ಕಾರ್ಖಾನೆಯವರು ಕೆ-ಅಂಶವೆಂದು ಕರೆಯುತ್ತಾರೆ. ಮಡಿಕೆ ಬಿಗಿಯಾದಷ್ಟೂ ಇದು ಚಿಕ್ಕದಾಗುತ್ತದೆ.

ಕತ್ತರಿಸುವ ಮುನ್ನದ ಲೆಕ್ಕ

ಒಂದು ಉದಾಹರಣೆಯಿಂದ ಈ ಮಾತು ಸ್ಪಷ್ಟವಾಗುತ್ತದೆ. 2 ಮಿ.ಮೀ. ದಪ್ಪದ ಮೆದು ಉಕ್ಕಿನ ತಗಡಿನಿಂದ ಲಂಬಕೋನದ ಒಂದು ಬ್ರಾಕೆಟ್ ಮಾಡಬೇಕಾಗಿದೆ ಎಂದಿಟ್ಟುಕೊಳ್ಳೋಣ. ಹೊರಗಿನಿಂದ ಅಳೆದರೆ ಒಂದು ತೋಳು 50 ಮಿ.ಮೀ., ಇನ್ನೊಂದು 30 ಮಿ.ಮೀ. ಇರಬೇಕು; ಮಡಿಕೆಯ ಒಳತ್ರಿಜ್ಯ 2.5 ಮಿ.ಮೀ. ಇರಲಿ. ಅನುಭವವಿಲ್ಲದವನು 50ಕ್ಕೆ 30ನ್ನು ಕೂಡಿಸಿ 80 ಮಿ.ಮೀ. ಉದ್ದದ ಪಟ್ಟಿಯನ್ನು ಕತ್ತರಿಸುತ್ತಾನೆ. ಅದು ತಪ್ಪು.

ಸರಿಯಾದ ಕ್ರಮ ಹೀಗಿದೆ. ಪ್ರತಿ ತೋಳಿನಿಂದಲೂ ಒಳತ್ರಿಜ್ಯ ಮತ್ತು ದಪ್ಪಗಳ ಮೊತ್ತವಾದ 4.5 ಮಿ.ಮೀ.ಯನ್ನು ಕಳೆಯಬೇಕು. ಆಗ ಉಳಿಯುವ ನೇರ ಭಾಗಗಳು 45.5 ಮತ್ತು 25.5 ಮಿ.ಮೀ.; ಅವುಗಳ ಮೊತ್ತ 71 ಮಿ.ಮೀ. ಇದಕ್ಕೆ ಮಡಿಕೆಯಲ್ಲಿ ವ್ಯಯವಾಗುವ ಉದ್ದವನ್ನು ಕೂಡಿಸಬೇಕು. ಹಿಗ್ಗದ ಕುಗ್ಗದ ತಟಸ್ಥ ಪದರದ ಉದ್ದವೇ ಅದು. ಕೆ-ಅಂಶವು 0.4 ಎಂದು ಹಿಡಿದರೆ ಈ ಪದರದ ತ್ರಿಜ್ಯ 2.5ಕ್ಕೆ 0.8ನ್ನು ಕೂಡಿಸಿದಾಗ ಬರುವ 3.3 ಮಿ.ಮೀ. ಲಂಬಕೋನವು ಪೂರ್ಣ ವೃತ್ತದ ಕಾಲುಭಾಗವಾದುದರಿಂದ ಚಾಪದ ಉದ್ದ 3.3ನ್ನು 1.57ರಿಂದ ಗುಣಿಸಿದಾಗ ಬರುವ 5.2 ಮಿ.ಮೀ. ಒಟ್ಟು 76.2 ಮಿ.ಮೀ. ಇದೇ ಕತ್ತರಿಸಬೇಕಾದ ಪಟ್ಟಿಯ ಉದ್ದ.

80ಕ್ಕೂ 76.2ಕ್ಕೂ ಇರುವ ಅಂತರ 3.8 ಮಿ.ಮೀ. ಒಂದು ಮಡಿಕೆಗೆ ಇದು ಅಲ್ಪವೆನಿಸಬಹುದು. ಆದರೆ ಒಂದೇ ದಿಕ್ಕಿನಲ್ಲಿ ಇಂತಹ ನಾಲ್ಕು ಮಡಿಕೆಗಳಿರುವ ಪೆಟ್ಟಿಗೆಯಲ್ಲಿ ತಪ್ಪು 15 ಮಿ.ಮೀ.ಯನ್ನು ದಾಟುತ್ತದೆ. ಮುಚ್ಚಳ ಕೂರುವುದಿಲ್ಲ, ತೂತುಗಳು ಎದುರುಬದುರಾಗುವುದಿಲ್ಲ. ಮಡಿಸಿದ ತಗಡನ್ನು ಬಿಚ್ಚಿ ಮತ್ತೆ ಮಡಿಸಿದರೆ ಅದು ಆ ಗೆರೆಯಲ್ಲಿ ಬಿರುಕು ಬಿಡುವ ಸಂಭವವೇ ಹೆಚ್ಚು. ನೂರು ತಗಡುಗಳನ್ನು ಹೀಗೆ ಕತ್ತರಿಸಿಟ್ಟ ಮೇಲೆ ತಪ್ಪು ತಿಳಿದುಬಂದರೆ ನೂರೂ ಗುಜರಿಗೆ ಸಲ್ಲುತ್ತವೆ. ಆಗ ನಷ್ಟವಾಗುವುದು ಲೋಹವೊಂದೇ ಅಲ್ಲ. ಅದನ್ನು ಗಣಿಯಿಂದ ತೆಗೆದು, ಕರಗಿಸಿ, ಉರುಳೆಗಳ ನಡುವೆ ಹಾಯಿಸಿ ತಗಡಾಗಿಸಿದ ಅನೇಕರ ದುಡಿಮೆಯೂ ವ್ಯರ್ಥವಾಗುತ್ತದೆ.

ಶಾಲೆಯ ರೇಖಾಗಣಿತವು ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಆಲಿಕೆಯ ಶಂಕುವಿನ ಭಾಗವನ್ನು ಮಾಡಲು ತಗಡನ್ನು ವೃತ್ತಖಂಡದ ಆಕಾರದಲ್ಲಿ ಕತ್ತರಿಸಬೇಕು. ಬಾಯಿಯ ತ್ರಿಜ್ಯವನ್ನು ಓರೆ ಎತ್ತರದಿಂದ ಭಾಗಿಸಿ 360ರಿಂದ ಗುಣಿಸಿದರೆ ಆ ಖಂಡದ ಕೋನ ದೊರೆಯುತ್ತದೆ. ಬಾಯಿಯ ತ್ರಿಜ್ಯ 10 ಸೆಂ.ಮೀ., ಓರೆ ಎತ್ತರ 20 ಸೆಂ.ಮೀ. ಆದರೆ ಕೋನ 180 ಡಿಗ್ರಿ. ಎಂದರೆ ಸರಿಯಾಗಿ ಅರ್ಧ ವೃತ್ತ. ಕಾಗದವನ್ನು ಕತ್ತರಿಸಿ ಯಾವ ವಿದ್ಯಾರ್ಥಿಯೂ ಇದನ್ನು ಪರೀಕ್ಷಿಸಿ ನೋಡಬಹುದು.

ಹಿಂದಕ್ಕೆ ಮರಳುವ ಗುಣ

ಬಾಗಿಸಿದ ತಗಡಿನ ಮೇಲಿನ ಒತ್ತಡವನ್ನು ತೆಗೆದೊಡನೆ ಅದು ಸ್ವಲ್ಪ ಹಿಂದಕ್ಕೆ ಮರಳುತ್ತದೆ. 90 ಡಿಗ್ರಿಗೆ ಮಡಿಸಿದರೂ ಕೋನವು 91 ಅಥವಾ 92 ಡಿಗ್ರಿಯಾಗಿ ಉಳಿಯಬಹುದು. ಇದನ್ನು ಕಾರ್ಖಾನೆಯ ಭಾಷೆಯಲ್ಲಿ ಸ್ಪ್ರಿಂಗ್‌ಬ್ಯಾಕ್ ಎನ್ನುತ್ತಾರೆ. ಮಡಿಕೆಯಲ್ಲಿ ಎಲ್ಲ ಪದರಗಳೂ ಸ್ಥಿತಿಸ್ಥಾಪಕತೆಯ ಎಲ್ಲೆಯನ್ನು ದಾಟಿರುವುದಿಲ್ಲ. ತಟಸ್ಥ ಪದರದ ಸಮೀಪದವು ಇನ್ನೂ ಎಲ್ಲೆಯ ಒಳಗೇ ಇರುತ್ತವೆ. ದಾಟಿದ ಪದರಗಳಲ್ಲಿಯೂ ಹಿಗ್ಗಿನ ಒಂದಂಶ ಹಿಂದಿರುಗುವಂತಹುದೇ. ಈ ಎರಡೂ ಸೇರಿ ತಗಡನ್ನು ಹಿಂದಕ್ಕೆ ತಳ್ಳುತ್ತವೆ.

ಲೋಹದ ಬಲ ಹೆಚ್ಚಿದಷ್ಟೂ, ಬಿಗುಪು ಕಡಿಮೆಯಾದಷ್ಟೂ, ತ್ರಿಜ್ಯ ದೊಡ್ಡದಾದಷ್ಟೂ ಈ ಮರಳುವಿಕೆ ಅಧಿಕ. ಅಲ್ಯೂಮಿನಿಯಮಿನ ಬಿಗುಪು ಉಕ್ಕಿನ ಬಿಗುಪಿನ ಮೂರನೆಯ ಒಂದು ಭಾಗ ಮಾತ್ರ. ಆದುದರಿಂದ ಸಮಾನ ಬಲದ ಉಕ್ಕಿಗಿಂತ ಅಲ್ಯೂಮಿನಿಯಮಿನ ಮಿಶ್ರಲೋಹವು ಹೆಚ್ಚು ಹಿಂದಿರುಗುತ್ತದೆ. ಸ್ಟೇನ್‌ಲೆಸ್ ಉಕ್ಕು ಮೆದು ಉಕ್ಕಿಗಿಂತ ಹೆಚ್ಚು ಮರಳುತ್ತದೆ. ಇದಕ್ಕೆ ಪರಿಹಾರ ಎರಡು ಬಗೆ. ಬೇಕಾದುದಕ್ಕಿಂತ ಒಂದೆರಡು ಡಿಗ್ರಿ ಹೆಚ್ಚಾಗಿ ಬಾಗಿಸಿ, ಮರಳಿದಾಗ ಸರಿಯಾದ ಕೋನಕ್ಕೆ ಬರುವಂತೆ ಮಾಡುವುದು ಒಂದು. ಅಚ್ಚಿನ ತಳಕ್ಕೆ ತಗಡನ್ನು ಬಲವಾಗಿ ಒತ್ತಿ, ಮಡಿಕೆಯ ದಪ್ಪವೆಲ್ಲವೂ ಎಲ್ಲೆ ದಾಟುವಂತೆ ಮಾಡುವುದು ಇನ್ನೊಂದು. ಎರಡನೆಯದಕ್ಕೆ ಯಂತ್ರದ ಬಲ ಅನೇಕ ಪಟ್ಟು ಹೆಚ್ಚು ಬೇಕಾಗುತ್ತದೆ.

ಬಾಗಿಸುವ ಯಂತ್ರ

ತೆಳು ತಗಡನ್ನು ಕೊಡತಿಯಿಂದ ಬಡಿದು ಮಡಿಸಬಹುದು. ದಪ್ಪ ತಗಡಿಗೂ ಒಂದೇ ಬಗೆಯ ಸಾವಿರಾರು ಮಡಿಕೆಗಳಿಗೂ ಯಂತ್ರ ಬೇಕು. ಇಂದು ಕಾರ್ಖಾನೆಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಪ್ರೆಸ್ ಬ್ರೇಕ್ ಎಂಬ ಯಂತ್ರ. ಇದರ ಕೆಳಭಾಗದಲ್ಲಿ 'ವಿ' ಅಕ್ಷರದ ಆಕಾರದ ಕೊರಕಲುಳ್ಳ ಅಚ್ಚು, ಮೇಲ್ಭಾಗದಲ್ಲಿ ಅದಕ್ಕೆ ಸರಿಯಾದ ಮೊನೆಯುಳ್ಳ ಪಂಚ್ ಇರುತ್ತವೆ. ನಡುವೆ ಇರಿಸಿದ ತಗಡನ್ನು ಪಂಚ್ ಕೆಳಗಿಳಿದು ಕೊರಕಲಿನೊಳಕ್ಕೆ ಒತ್ತುತ್ತದೆ.

ಮೆದು ಉಕ್ಕಿಗೆ ಕೊರಕಲಿನ ಬಾಯಿ ತಗಡಿನ ದಪ್ಪದ ಸುಮಾರು ಎಂಟು ಪಟ್ಟು ಇರಬೇಕೆಂಬುದು ರೂಢಿಯ ನಿಯಮ. 2 ಮಿ.ಮೀ. ತಗಡಿಗೆ 16 ಮಿ.ಮೀ. ಬಾಯಿಯ ಅಚ್ಚು ಹೊಂದುತ್ತದೆ. ತಗಡನ್ನು ತಳಕ್ಕೆ ಮುಟ್ಟಿಸದೆ ಬಾಗಿಸಿದಾಗ ಒಳತ್ರಿಜ್ಯವನ್ನು ಮುಖ್ಯವಾಗಿ ನಿರ್ಧರಿಸುವುದು ಪಂಚಿನ ಮೊನೆಯಲ್ಲ, ಕೆಳಗಿನ ಅಚ್ಚಿನ ಬಾಯಿ. ಮೆದು ಉಕ್ಕಿನಲ್ಲಿ ತ್ರಿಜ್ಯವು ಆ ಬಾಯಿಯ ಸುಮಾರು ಆರನೆಯ ಒಂದು ಭಾಗವಾಗುತ್ತದೆ. ಮೇಲಿನ ಲೆಕ್ಕದಲ್ಲಿ 2.5 ಮಿ.ಮೀ. ತ್ರಿಜ್ಯವನ್ನು ಹಿಡಿದುದು ಇದೇ ಕಾರಣದಿಂದ. ಇಂತಹ ಮಡಿಕೆಗೆ ಪ್ರತಿ ಮೀಟರ್ ಉದ್ದಕ್ಕೆ ಸುಮಾರು 16ರಿಂದ 17 ಟನ್ ಬಲ ಬೇಕಾಗುತ್ತದೆ. ತಗಡಿನ ದಪ್ಪವನ್ನು ಇಮ್ಮಡಿಸಿ ಅಚ್ಚನ್ನು ಹಾಗೆಯೇ ಇರಿಸಿದರೆ ಬಲ ನಾಲ್ಕು ಪಟ್ಟಾಗಬೇಕು. ಈ ವಿಚಾರವನ್ನು ಕಡೆಗಣಿಸಿದಾಗ ಅಚ್ಚು ಒಡೆಯುವ ಅಪಾಯವಿದೆ.

ಬಿರುಕಿಗೆ ಕಾರಣ

ಮಡಿಕೆಯ ಹೊರಮೈ ಎಷ್ಟು ಹಿಗ್ಗುತ್ತದೆಂಬುದನ್ನೂ ಲೆಕ್ಕ ಹಾಕಬಹುದು. ಒಳತ್ರಿಜ್ಯವು ತಗಡಿನ ದಪ್ಪಕ್ಕೆ ಸಮನಾಗಿದ್ದರೆ ಹೊರಮೈಯ ಹಿಗ್ಗು ಸುಮಾರು ಮೂರನೆಯ ಒಂದು ಭಾಗ. ತ್ರಿಜ್ಯವು ದಪ್ಪದ ನಾಲ್ಕು ಪಟ್ಟಾದರೆ ಸುಮಾರು ಒಂಬತ್ತನೆಯ ಒಂದು ಭಾಗ. ಮೆದು ಉಕ್ಕು ಮೊದಲನೆಯದನ್ನು ತಾಳುತ್ತದೆ. ಗಡುಸಾದ ಅನೇಕ ಅಲ್ಯೂಮಿನಿಯಮ್ ಮಿಶ್ರಲೋಹಗಳು ತಾಳದೆ ಹೊರಮೈಯಲ್ಲಿ ಬಿರಿಯುತ್ತವೆ. ಆದುದರಿಂದ ಪ್ರತಿ ಲೋಹಕ್ಕೂ ಪ್ರತಿ ದಪ್ಪಕ್ಕೂ ಇಷ್ಟಕ್ಕಿಂತ ಚಿಕ್ಕ ತ್ರಿಜ್ಯ ಸಲ್ಲದು ಎಂಬ ಮಿತಿಯುಂಟು.

ತಗಡಿನ ದಿಕ್ಕೂ ಇಲ್ಲಿ ಮುಖ್ಯ. ಉರುಳೆಗಳ ನಡುವೆ ಹಾಯ್ದು ಬಂದ ತಗಡಿನಲ್ಲಿ ಮರದ ನಾರಿನಂತೆ ಒಂದು ದಿಕ್ಕಿನ ಎಳೆಯಿರುತ್ತದೆ. ಸೌದೆಯನ್ನು ಎಳೆಯ ಉದ್ದಕ್ಕೆ ಸೀಳುವುದು ಸುಲಭ, ಅಡ್ಡಕ್ಕೆ ಕಷ್ಟ. ಹಾಗೆಯೇ ಮಡಿಕೆಯ ಗೆರೆ ಎಳೆಗೆ ಸಮಾಂತರವಾಗಿದ್ದರೆ ಬಿರುಕು ಬೇಗ ಬರುತ್ತದೆ. ಅಡ್ಡವಾಗಿದ್ದರೆ ತಗಡು ಹೆಚ್ಚು ತಾಳಿಕೊಳ್ಳುತ್ತದೆ. ಕತ್ತರಿಸಿದ ಅಂಚಿನಲ್ಲಿ ಉಳಿದ ಚಿಕ್ಕ ಮುಳ್ಳುಗಳಿಂದಲೂ ಬಿರುಕು ಹುಟ್ಟಬಹುದು. ಅವನ್ನು ಅರದಿಂದ ಉಜ್ಜಿ ತೆಗೆಯಬೇಕು, ಇಲ್ಲವೇ ಮುಳ್ಳಿರುವ ಬದಿ ಮಡಿಕೆಯ ಒಳಗೆ ಬರುವಂತೆ ನೋಡಿಕೊಳ್ಳಬೇಕು.

ಬಡಿದಷ್ಟೂ ಬಾಗಿಸಿದಷ್ಟೂ ಲೋಹ ಗಡುಸಾಗುತ್ತದೆ. ತಾಮ್ರದ ಕೊಡವನ್ನು ಬಡಿಯುವ ಕುಶಲಕರ್ಮಿಯು ಮಧ್ಯೆ ಮಧ್ಯೆ ಅದನ್ನು ಕುಲುಮೆಯಲ್ಲಿ ಕಾಯಿಸಿ ಮೆದುಗೊಳಿಸಿ ಮತ್ತೆ ಬಡಿಯುವುದು ಇದಕ್ಕಾಗಿಯೇ. ವಿಮಾನ ಕಾರ್ಖಾನೆಗಳಲ್ಲಿ ಬಳಸುವ ಡ್ಯೂರಲ್ಯುಮಿನ್ ಬಗೆಯ ಲೋಹಗಳದು ಇನ್ನೊಂದು ವಿಚಿತ್ರ ಗುಣ. ಕಾಯಿಸಿ ತಟಕ್ಕನೆ ತಣಿಸಿದಾಗ ಅವು ಕೆಲಕಾಲ ಮೆದುವಾಗಿದ್ದು, ಅನಂತರ ತಾವಾಗಿಯೇ ಗಡುಸಾಗುತ್ತವೆ. ಜರ್ಮನಿಯ ಆಲ್‌ಫ್ರೆಡ್ ವಿಲ್ಮ್ 20ನೆಯ ಶತಮಾನದ ಮೊದಲ ದಶಕದಲ್ಲಿ ಕಂಡುಹಿಡಿದ ಗುಣವಿದು. ಆ ಮೆದುವಾದ ಅವಧಿಯಲ್ಲಿಯೇ ತಗಡಿಗೆ ಆಕಾರ ಕೊಡಬೇಕು. ಅವಧಿಯನ್ನು ಹೆಚ್ಚಿಸಬೇಕಾದರೆ ಲೋಹವನ್ನು ಶೀತದಲ್ಲಿ ಇಡುತ್ತಾರೆ.

ಈ ವಿದ್ಯೆಗೆ ಕನ್ನಡ ನಾಡಿನಲ್ಲಿಯೂ ದೀರ್ಘವಾದ ಇತಿಹಾಸವಿದೆ. ಬೆಂಗಳೂರಿನಲ್ಲಿ 1940ರಲ್ಲಿ ಆರಂಭವಾದ ಹಿಂದುಸ್ತಾನ್ ವಿಮಾನ ಕಾರ್ಖಾನೆಯಲ್ಲಿ ಡಾ. ವಿ. ಎಂ. ಘಾಟ್ಗೆ ಅವರ ನೇತೃತ್ವದಲ್ಲಿ ವಿನ್ಯಾಸಗೊಂಡ ಎಚ್‌ಟಿ-2 ತರಬೇತಿ ವಿಮಾನವು 1951ರಲ್ಲಿ ಮೊದಲ ಬಾರಿಗೆ ಹಾರಿತು. ಲೋಹದ ಒಡಲಿನ ಇಂತಹ ವಿಮಾನದಲ್ಲಿ ಹೊದಿಕೆಯೂ ಒಳಗಿನ ಪಕ್ಕೆಲುಬುಗಳೂ ತಗಡಿನವೇ. ಪಕ್ಕೆಲುಬುಗಳಲ್ಲಿ ದೊಡ್ಡ ತೂತುಗಳನ್ನು ಕೊರೆದು, ಅವುಗಳ ಅಂಚನ್ನು ಮಡಿಸುವುದು ವಿಮಾನ ನಿರ್ಮಾಣದ ರೂಢಿ. ತೂತಿನಿಂದ ತೂಕ ಇಳಿಯುತ್ತದೆ, ಮಡಿಸಿದ ಅಂಚಿನಿಂದ ಬಿಗುಪು ಏರುತ್ತದೆ.

ಲೋಟದ ಆಳ

ಎಲ್ಲ ಆಕಾರಗಳೂ ನೇರವಾದ ಮಡಿಕೆಯಿಂದ ಬರುವುದಿಲ್ಲ. ಮನೆಯ ಸ್ಟೀಲಿನ ಲೋಟಕ್ಕೆ ಎಲ್ಲಿಯೂ ಜೋಡಣೆಯ ಗೆರೆಯಿಲ್ಲ. ದುಂಡಾದ ಚಪ್ಪಟೆ ಬಿಲ್ಲೆಯನ್ನು ಅಚ್ಚಿನ ಬಾಯಿಯ ಮೇಲಿರಿಸಿ, ಪಂಚಿನಿಂದ ಒಳಕ್ಕೆ ಎಳೆದು ಅದನ್ನು ರೂಪಿಸುತ್ತಾರೆ. ಎಳೆಯುವಾಗ ಬಿಲ್ಲೆಯ ಹೊರಸುತ್ತು ಕಿರಿದಾಗಲೇಬೇಕು. ಹಿಡಿತವಿಲ್ಲದಿದ್ದರೆ ಅಲ್ಲಿ ಸೀರೆಯ ನಿರಿಗೆಯಂತೆ ಸುಕ್ಕು ಬೀಳುತ್ತದೆ; ಹಿಡಿತ ಅತಿಯಾದರೆ ತಳದ ಬಳಿ ತಗಡು ಹರಿಯುತ್ತದೆ. ಸುಕ್ಕು ಮತ್ತು ಹರಿತಗಳ ನಡುವಣ ಇಕ್ಕಟ್ಟಾದ ದಾರಿಯಲ್ಲಿ ಸಾಗುವುದೇ ಇಲ್ಲಿಯ ಕೌಶಲ. ಮೊದಲ ಎಳೆತದಲ್ಲಿ ಬಿಲ್ಲೆಯ ವ್ಯಾಸವು ಪಂಚಿನ ವ್ಯಾಸದ ಸುಮಾರು ಎರಡು ಪಟ್ಟನ್ನು ಮೀರಬಾರದು. ಅದಕ್ಕಿಂತ ಆಳವಾದ ಪಾತ್ರೆಯನ್ನು ಹಲವು ಹಂತಗಳಲ್ಲಿ, ಅಗತ್ಯವಾದಾಗ ನಡುನಡುವೆ ಕಾಯಿಸಿ ಮೆದುಗೊಳಿಸುತ್ತ ಎಳೆಯಬೇಕಾಗುತ್ತದೆ.

ವಿನ್ಯಾಸಕನ ಹೊಣೆ

ಕಾಗದದ ಮೇಲೆ ಯಾವ ಗೆರೆಯನ್ನಾದರೂ ಎಳೆಯಬಹುದು. ತಗಡಿನಲ್ಲಿ ಎಲ್ಲವೂ ಸಾಧ್ಯವಿಲ್ಲ. ಮಡಿಕೆಗೆ ತೀರ ಸಮೀಪವಾಗಿ ತೂತನ್ನು ಕೊರೆದರೆ ಮಡಿಸುವಾಗ ಅದು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ತೂತಿನ ಅಂಚು ತಗಡಿನ ಒಳಮೈಯಿಂದ ಒಳತ್ರಿಜ್ಯ ಮತ್ತು ದಪ್ಪದ ಎರಡೂವರೆ ಪಟ್ಟು ಇವೆರಡರ ಮೊತ್ತದಷ್ಟಾದರೂ ದೂರವಿದ್ದರೆ ಕ್ಷೇಮ. ಮಡಿಸಬೇಕಾದ ತೋಳು ತೀರ ಚಿಕ್ಕದಾದರೆ ಅಚ್ಚಿನ ಕೊರಕಲಿನೊಳಕ್ಕೆ ಜಾರಿ ಬೀಳುತ್ತದೆ, 16 ಮಿ.ಮೀ. ಬಾಯಿಯ ಅಚ್ಚಿಗೆ ತೋಳು ಸುಮಾರು 11 ಮಿ.ಮೀ.ಗಿಂತ ಕಡಿಮೆಯಿರಬಾರದು. ಎರಡು ಮಡಿಕೆಗಳು ಕೂಡುವ ಮೂಲೆಯಲ್ಲಿ ಸಣ್ಣ ಕಚ್ಚನ್ನು ಬಿಡದಿದ್ದರೆ ಲೋಹವು ಹರಿಯುತ್ತದೆ ಇಲ್ಲವೇ ಉಬ್ಬುತ್ತದೆ. ಒಂದೇ ವಸ್ತುವಿನಲ್ಲಿ ಎಲ್ಲ ಮಡಿಕೆಗಳಿಗೂ ಒಂದೇ ತ್ರಿಜ್ಯವನ್ನು ಸೂಚಿಸಿದರೆ ಅಚ್ಚನ್ನು ಪದೇ ಪದೇ ಬದಲಿಸುವ ಶ್ರಮ ಉಳಿಯುತ್ತದೆ. ಕೊನೆಯ ಮಡಿಕೆಯ ಹೊತ್ತಿಗೆ ಹಿಂದಿನ ಮಡಿಕೆಗಳು ಯಂತ್ರಕ್ಕೆ ತಾಗದಂತೆ ಕ್ರಮವನ್ನೂ ಮೊದಲೇ ಯೋಚಿಸಬೇಕು.

ಈ ನಿಯಮಗಳನ್ನು ಮರೆತ ನಕ್ಷೆ ಕಾರ್ಖಾನೆಗೆ ಬಂದಾಗ ಕೆಲಸಗಾರನು ಎರಡು ಸಂಕಷ್ಟಗಳಿಗೆ ಸಿಲುಕುತ್ತಾನೆ. ನಕ್ಷೆಯಂತೆ ಮಾಡಿದರೆ ವಸ್ತು ಕೆಡುತ್ತದೆ. ಮಾಡದಿದ್ದರೆ ಅಪ್ಪಣೆ ಮೀರಿದ ಆರೋಪ ಬರುತ್ತದೆ. ಮೇಜಿನ ಮುಂದೆ ನಡೆದ ತಪ್ಪಿಗೆ ಯಂತ್ರದ ಮುಂದೆ ನಿಂತವನು ಉತ್ತರ ಹೇಳಬೇಕಾಗುವುದು ನ್ಯಾಯವಲ್ಲ. ಆದುದರಿಂದ ವಿನ್ಯಾಸಕನಾಗುವವನು ಕೆಲವು ಕಾಲವಾದರೂ ಯಂತ್ರದ ಬಳಿ ನಿಂತು ಲೋಹದ ನಡತೆಯನ್ನು ಕಣ್ಣಾರೆ ಕಂಡಿರಬೇಕು.

ಕೈಬೆರಳುಗಳ ರಕ್ಷಣೆ

ಹತ್ತಾರು ಟನ್ನುಗಳ ಬಲದಿಂದ ಇಳಿಯುವ ಪಂಚಿಗೆ ಉಕ್ಕಿಗೂ ಬೆರಳಿಗೂ ಭೇದ ತಿಳಿಯದು. ತಗಡಿನ ಕಾರ್ಖಾನೆಗಳಲ್ಲಿ ಆಗುವ ಅವಘಡಗಳಲ್ಲಿ ಬೆರಳು ಕಳೆದುಕೊಳ್ಳುವುದು ಅತ್ಯಂತ ದಾರುಣವಾದುದು; ಏಕೆಂದರೆ ದುಡಿಯುವವನ ಜೀವನೋಪಾಯವೇ ಆ ಬೆರಳುಗಳಲ್ಲಿದೆ. ಭಾರತದ 1948ರ ಕಾರ್ಖಾನೆಗಳ ಕಾಯಿದೆಯು ಯಂತ್ರಗಳ ಅಪಾಯಕರ ಭಾಗಗಳಿಗೆ ರಕ್ಷಣೆಯ ತಡೆಯನ್ನು ಕಡ್ಡಾಯಗೊಳಿಸಿತು. ಸಾಕಷ್ಟು ತಿಳಿವಳಿಕೆಯೂ ತರಬೇತಿ ಅಥವಾ ಮೇಲ್ವಿಚಾರಣೆಯೂ ಇಲ್ಲದೆ ಎಳೆಯರನ್ನು ಅಪಾಯಕರ ಯಂತ್ರಗಳ ಮುಂದೆ ನಿಲ್ಲಿಸುವುದನ್ನು ನಿಷೇಧಿಸಿತು. ಎರಡು ಕೈಗಳಿಂದಲೂ ಏಕಕಾಲದಲ್ಲಿ ಗುಂಡಿಗಳನ್ನು ಒತ್ತಿದರೆ ಮಾತ್ರ ಚಲಿಸುವ ವ್ಯವಸ್ಥೆ, ಕೈ ಅಡ್ಡಬಂದೊಡನೆ ಯಂತ್ರವನ್ನು ನಿಲ್ಲಿಸುವ ಬೆಳಕಿನ ಪರದೆ ಮುಂತಾದ ಸಾಧನಗಳು ಇಂದು ದೊರೆಯುತ್ತವೆ. ಕೆಲಸ ಬೇಗ ಸಾಗಲೆಂದು ಈ ರಕ್ಷಣೆಯನ್ನು ಕಳಚಿಡುವುದು ಅಪರಾಧ. ಯಂತ್ರದ ಮುಂದೆ ನಿಲ್ಲುವ ತರುಣನು ಮೊದಲು ಕಲಿಯಬೇಕಾದುದು ಅದನ್ನು ನಡೆಸುವುದನ್ನಲ್ಲ, ನಿಲ್ಲಿಸುವುದನ್ನು.

ಗಣಕಯಂತ್ರದ ಕಾಲದಲ್ಲಿ

ಇಂದು ತಗಡನ್ನು ಲೇಸರ್ ಕಿರಣ ಕತ್ತರಿಸುತ್ತದೆ. ಮಡಿಕೆಯ ಕೋನವನ್ನು ಗಣಕಯಂತ್ರ ನಿಯಂತ್ರಿಸುತ್ತದೆ. ಪರದೆಯ ಮೇಲೆ ಚಿತ್ರಿಸಿದ ಪೆಟ್ಟಿಗೆಯನ್ನು ಕ್ಷಣಮಾತ್ರದಲ್ಲಿ ಬಿಚ್ಚಿ ಚಪ್ಪಟೆ ತಗಡಿನ ನಕ್ಷೆಯಾಗಿ ತೋರಿಸುತ್ತದೆ. ಹಾಗಾದರೆ ಹಳೆಯ ಲೆಕ್ಕದ ಅಗತ್ಯವೇನು ಎಂಬ ಪ್ರಶ್ನೆ ಏಳುವುದು ಸಹಜ. ಗಣಕವು ಬಿಚ್ಚುವುದು ತನಗೆ ಕೊಟ್ಟ ಕೆ-ಅಂಶಕ್ಕೆ ಅನುಸಾರವಾಗಿ. ಆ ಅಂಶವು ತಗಡಿನ ತಳಿ, ದಪ್ಪ, ಅಚ್ಚಿನ ಬಾಯಿ ಇವುಗಳೊಡನೆ ಬದಲಾಗುತ್ತದೆ. ಒಂದೇ ದರ್ಜೆಯೆಂದು ಬಂದ ಎರಡು ಕಂತಿನ ತಗಡುಗಳಲ್ಲಿಯೂ ಕೊಂಚ ಭೇದವಿರಬಹುದು. ಅದನ್ನು ಅರಿಯಲು ಇರುವ ನೆಚ್ಚಿನ ಮಾರ್ಗ ಒಂದೇ. ಅಳತೆ ಗೊತ್ತಿರುವ ಒಂದು ತುಂಡನ್ನು ಕತ್ತರಿಸಿ, ಮಡಿಸಿ, ಎರಡು ತೋಳುಗಳನ್ನೂ ಅಳೆದು, ಮೊದಲಿನ ಉದ್ದದೊಡನೆ ಹೋಲಿಸುವುದು. ಈ ಪರೀಕ್ಷೆಗೆ ಹಿಡಿಯುವ ಕಾಲ ಕೆಲವೇ ನಿಮಿಷ. ಉಳಿಯುವುದು ರಾಶಿ ರಾಶಿ ತಗಡು.

ತಾಂತ್ರಿಕ ಶಿಕ್ಷಣಕ್ಕೆ ಹೋಗಬಯಸುವ ವಿದ್ಯಾರ್ಥಿಗಳಿಗೆ ತಗಡಿನ ಕೆಲಸವು ಉತ್ತಮವಾದ ಪ್ರವೇಶದ್ವಾರ. ವೃತ್ತದ ಪರಿಧಿ, ಶಂಕುವಿನ ವಿಸ್ತಾರ, ಹುಕ್‌ನ ನಿಯಮ ಮೊದಲಾಗಿ ತರಗತಿಯಲ್ಲಿ ಕಲಿತ ಪಾಠಗಳು ಇಲ್ಲಿ ಕೈಗೆ ಸಿಗುವ ವಸ್ತುಗಳಾಗಿ ನಿಲ್ಲುತ್ತವೆ. ಓದು ಮತ್ತು ಕೈಕೆಲಸಗಳ ನಡುವೆ ಮೇಲುಕೀಳುಗಳನ್ನು ಎಣಿಸುವ ಮನೋಭಾವಕ್ಕೆ ಇಲ್ಲಿ ಎಡೆಯಿಲ್ಲ. ಲೆಕ್ಕ ಬಾರದ ಕೈ ತಗಡನ್ನು ಕೆಡಿಸುತ್ತದೆ. ಕೈ ಅರಿಯದ ಲೆಕ್ಕವೂ ಅಷ್ಟೇ ಕೆಡಿಸುತ್ತದೆ. ಅಳತೆ ಮಾಡಿ, ಪರೀಕ್ಷಿಸಿ, ಅನಂತರ ಕತ್ತರಿಸುವ ಶಿಸ್ತನ್ನು ಒಂದು ತುಂಡು ತಗಡು ಯಾವ ಉಪದೇಶಕ್ಕಿಂತಲೂ ಚೆನ್ನಾಗಿ ಕಲಿಸಬಲ್ಲದು.